ನಮ್ಮ ಸಾಲಕ್ಕೆ ಖಾತೆ ಉಂಟು, ಅವರ ಮತಕ್ಕೆ ಖಾತೆ ಎಲ್ಲಿ?



ಸೊಸೈಟಿಯಲ್ಲಿ ನೀವು ಎತ್ತಿದ ಸಾಲದ ಲೆಕ್ಕ ಕಾರ್ಯದರ್ಶಿಯ ಪುಸ್ತಕದಲ್ಲಿದೆ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖಿಗೆ ಕಟ್ಟಬೇಕಿತ್ತು, ಎಷ್ಟು ದಿನ ತಪ್ಪಿತು, ಜಾಮೀನು ಹಾಕಿದವರು ಯಾರು, ಎಲ್ಲವೂ ಇದೆ. ಅದು ಸಾಲದು ಅಂತ ನಿಮ್ಮ ಪಹಣಿಯ ಋಣದ ಕಾಲಂನಲ್ಲೂ ಅದನ್ನು ಕೂರಿಸಿದ್ದಾರೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಬೇರೆ ಇದೆ. ಒಂದು ಕಂತು ತಪ್ಪಿದರೆ, ನಿಮ್ಮ ಮಗ ಓದಿನ ಸಾಲ ಕೇಳೋಕೆ ಹೋದಾಗಲೂ ಅದು ಮುಂದೆ ಬಂದು ನಿಲ್ಲುತ್ತದೆ. ರೈತನ ಒಂದು ರೂಪಾಯಿ ಬಾಕಿಯನ್ನು ಈ ದೇಶ ಮರೆತ ಉದಾಹರಣೆ ಇಲ್ಲ.

ಈಗ ಇನ್ನೊಂದು ಲೆಕ್ಕ ಕೇಳುತ್ತೇನೆ, ಹೇಳಿ. ನಿಮ್ಮ ಕ್ಷೇತ್ರದ ಶಾಸಕರು ಗೆದ್ದು ಹೋದಾಗಿನಿಂದ ಯಾವ ಯಾವ ಮಸೂದೆಗೆ ಹೌದು ಎಂದರು? ಯಾವುದಕ್ಕೆ ಇಲ್ಲ ಎಂದರು? ಯಾವ ದಿನ ಸದನದಲ್ಲೇ ಇರಲಿಲ್ಲ? ಬೆಲೆಯ ಬಗ್ಗೆ, ಸಾಲದ ಬಗ್ಗೆ, ಭೂಮಿಯ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು? ಊರಿನ ಅರಳಿಕಟ್ಟೆಯ ಮೇಲೆ ಕೂತವರಲ್ಲಿ ಯಾರನ್ನು ಕೇಳಿದರೂ ಉತ್ತರ ಬರುವುದಿಲ್ಲ. ಅದಕ್ಕಿಂತ ಸೋಜಿಗದ ಮಾತು ಇದು: ಬಹುಪಾಲು ಮಸೂದೆಗಳ ವಿಷಯದಲ್ಲಿ ವಿಧಾನಸೌಧದ ಕಡತವನ್ನು ಕೇಳಿದರೂ ಉತ್ತರ ಬರುವುದಿಲ್ಲ. ಯಾಕೆಂದರೆ ಯಾರು ಹೌದು ಎಂದರು, ಯಾರು ಇಲ್ಲ ಎಂದರು ಎಂದು ಅಲ್ಲಿ ಬರೆದೇ ಇರುವುದಿಲ್ಲ.

ಗಂಟಲಿನ ಲೆಕ್ಕ

ಇದು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು. ಹಾಜರಿದ್ದು ಮತ ಹಾಕಿದ ಸದಸ್ಯರ ಬಹುಮತದಿಂದ ಪ್ರತಿ ಪ್ರಶ್ನೆಯನ್ನೂ ತೀರ್ಮಾನಿಸಬೇಕು ಎಂದು ಸಂವಿಧಾನ ಹೇಳುತ್ತದೆ. ಶಾಸನಸಭೆಗೆ 189ನೇ ವಿಧಿ, ಸಂಸತ್ತಿಗೆ 100ನೇ ವಿಧಿ. ಆದರೆ ಪೀಠದಲ್ಲಿ ಕೂತವರು ಮಸೂದೆಯನ್ನು ಮತಕ್ಕೆ ಹಾಕಿ, ಪರವಾಗಿ ಇರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಎಂದು ಕೇಳುತ್ತಾರೆ. ಎರಡು ಕೂಗು ಏಳುತ್ತವೆ. ಪೀಠದ ಕಿವಿಗೆ ಯಾವ ಕೂಗು ದೊಡ್ಡದಾಗಿ ಕೇಳಿತೋ ಅದು ಗೆದ್ದ ಹಾಗೆ. ಇದಕ್ಕೆ ಧ್ವನಿಮತ ಎನ್ನುತ್ತಾರೆ. ಯಾರಾದರೂ ಸದಸ್ಯರು ಎದ್ದು ಇದನ್ನು ಒಪ್ಪುವುದಿಲ್ಲ, ತಲೆ ಎಣಿಸಿ ಎಂದು ಪಟ್ಟು ಹಿಡಿದರೆ ಮಾತ್ರ ಮತ ವಿಭಜನೆ. ಆಗಲೇ ಯಾರು ಎತ್ತ ಎನ್ನುವುದು ಹೊರಗೆ ಬೀಳುವುದು.

ಮಂಡಿಯಲ್ಲಿ ನಿಮ್ಮ ಶೇಂಗಾ ಚೀಲವನ್ನು ತಕ್ಕಡಿಗೆ ಹಾಕದೆ, ದಲ್ಲಾಳಿ ಕೈಯಿಂದ ಎತ್ತಿ ನೋಡಿ ಮೂವತ್ತು ಕೆ.ಜಿ. ಇದೆ ಬಿಡು ಎಂದರೆ ಒಪ್ಪುತ್ತೀರಾ? ರಾಜ್ಯದ ಕಾಯ್ದೆಗಳನ್ನು ತೂಗುವುದು ಹೀಗೆ.

ಹಾಗಂತ ಇವರಿಗೆ ಎಣಿಸಲು ಬಾರದು ಎಂದುಕೊಳ್ಳಬೇಡಿ. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದ ವಿಶ್ವಾಸಮತ ಬಂತು. ಅವತ್ತು ಒಂದೊಂದು ತಲೆಯನ್ನೂ ಎಣಿಸಿದರು. ಪರ 99, ವಿರೋಧ 105. ಸರ್ಕಾರ ಬಿತ್ತು. ಯಾರು ಬಂದರು, ಯಾರು ಬರಲಿಲ್ಲ, ಯಾರು ಮುಂಬೈ ಹೋಟೆಲಿನಲ್ಲಿ ಕೂತಿದ್ದರು ಎಂದು ರಾಜ್ಯದ ಮಕ್ಕಳಿಗೂ ಗೊತ್ತಾಯಿತು. ಅಂದರೆ ಕುರ್ಚಿಯ ವಿಷಯ ಬಂದರೆ ತಲೆ ಲೆಕ್ಕ, ಹೊಲದ ವಿಷಯ ಬಂದರೆ ಗಂಟಲ ಲೆಕ್ಕ.

ದಿಲ್ಲಿಯಲ್ಲಿ ನಡೆದದ್ದು

2020ರ ಜೂನ್ 5ರಂದು, ಊರಿಗೆ ಊರೇ ಕೊರೊನಾ ಭಯದಲ್ಲಿ ಬಾಗಿಲು ಹಾಕಿಕೊಂಡಿದ್ದಾಗ, ಕೇಂದ್ರ ಸರ್ಕಾರ ಕೃಷಿಯ ಮೇಲೆ ಮೂರು ಸುಗ್ರೀವಾಜ್ಞೆ ತಂದಿತು. ಒಂದು ಎಪಿಎಂಸಿ ಅಂಗಳದ ಹೊರಗೆ ವ್ಯಾಪಾರ ಬಿಡುವುದು, ಒಂದು ಗುತ್ತಿಗೆ ಬೇಸಾಯ, ಮತ್ತೊಂದು ಆಹಾರ ಧಾನ್ಯದ ದಾಸ್ತಾನಿನ ಮೇಲಿದ್ದ ಮಿತಿಯನ್ನು ಸಡಿಲ ಮಾಡುವುದು. ಸೆಪ್ಟೆಂಬರಿನಲ್ಲಿ ಇವು ಮಸೂದೆಗಳಾಗಿ ಲೋಕಸಭೆ ದಾಟಿದವು. ಸೆಪ್ಟೆಂಬರ್ 20, ಭಾನುವಾರ, ಇವುಗಳಲ್ಲಿ ಎರಡು ರಾಜ್ಯಸಭೆಗೆ ಬಂದವು. ಆಯ್ಕೆ ಸಮಿತಿಗೆ ಕಳಿಸಿ, ಮತ ವಿಭಜನೆ ಮಾಡಿ ಎಂದು ವಿರೋಧ ಪಕ್ಷದವರು ಕೇಳಿದರು. ಕೇಳಿದವರು ತಮ್ಮ ಸೀಟಿನಲ್ಲಿ ಇರಲಿಲ್ಲ ಎಂದು ಪೀಠ ಹೇಳಿತು, ಇದ್ದೆವು ಎಂದು ಸದಸ್ಯರು ಹೇಳಿದರು. ಗದ್ದಲದ ನಡುವೆ ಧ್ವನಿಮತದಲ್ಲಿ ಎರಡೂ ಪಾಸಾದವು. ಮರುದಿನ ಎಂಟು ಸದಸ್ಯರನ್ನು ಅಮಾನತು ಮಾಡಿದರು.

ಸದಸ್ಯರು ಮೈಕು ಕಿತ್ತರು, ಪುಸ್ತಕ ಹರಿದರು ಎಂದು ಪತ್ರಿಕೆಗಳು ಬರೆದವು. ಅದನ್ನು ನಾನು ಸರಿ ಎನ್ನುವುದಿಲ್ಲ. ಆದರೆ ಒಂದು ಮಾತು ಕೇಳಬೇಕು. ಬಹುಮತ ಇದೆ ಎಂದು ಸರ್ಕಾರಕ್ಕೆ ಅಷ್ಟು ಧೈರ್ಯ ಇದ್ದಿದ್ದರೆ, ಗದ್ದಲ ಇಳಿಯುವವರೆಗೆ ಕಾದು ಮಾರನೇ ದಿನ ತಲೆ ಎಣಿಸಿದ್ದರೆ ಏನು ಗಂಟು ಹೋಗುತ್ತಿತ್ತು? ಕರ್ನಾಟಕದಿಂದ ರಾಜ್ಯಸಭೆಯಲ್ಲಿ 12 ಜನ ಇದ್ದಾರೆ. ಆ ಭಾನುವಾರ ಅವರಲ್ಲಿ ಒಬ್ಬೊಬ್ಬರ ಮತ ಎತ್ತ ಬಿತ್ತು ಎಂದು ಹೆಸರು ಹಿಡಿದು ಹೇಳುವ ದಾಖಲೆ ಇಲ್ಲ.

ಮುಂದಿನದು ನಿಮಗೆ ಗೊತ್ತಿದೆ. ನವೆಂಬರ್ 26ರಿಂದ ದಿಲ್ಲಿಯ ಗಡಿಯಲ್ಲಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶದ ರೈತರು ಟ್ರ್ಯಾಕ್ಟರು ನಿಲ್ಲಿಸಿ ಕೂತರು. ಚಳಿ, ಬಿಸಿಲು, ಮಳೆ ಎಲ್ಲ ತಿಂದರು. 2021ರ ಜನವರಿ 12ರಂದು ಸುಪ್ರೀಂ ಕೋರ್ಟು ಕಾಯ್ದೆಗಳಿಗೆ ತಡೆ ಕೊಟ್ಟಿತು. ನವೆಂಬರ್ 19ರಂದು ಪ್ರಧಾನಿಯವರು ವಾಪಸು ಪಡೆಯುತ್ತೇವೆ ಎಂದರು. ನವೆಂಬರ್ 29ರಂದು ರದ್ದತಿ ಮಸೂದೆ ಒಂದೇ ದಿನದಲ್ಲಿ ಎರಡೂ ಸದನ ದಾಟಿತು. ಚರ್ಚೆ ಇಲ್ಲ, ಮತ್ತೆ ಧ್ವನಿಮತ. ಕಾಯ್ದೆ ಬೇಕು ಎಂದು ಕೂಗಿದ ಗಂಟಲೇ ಬೇಡ ಎಂದೂ ಕೂಗಿತು. ಯಾಕೆ ಬೇಕಿತ್ತು, ಯಾಕೆ ಬೇಡವಾಯಿತು ಎಂದು ಒಬ್ಬ ಸದಸ್ಯನೂ ಸದನದಲ್ಲಿ ರೈತನಿಗೆ ಉತ್ತರ ಕೊಡಬೇಕಾಗಿ ಬರಲಿಲ್ಲ.

ಇದೇ ಕತೆಯಲ್ಲಿ ಇನ್ನೊಂದು ಪಾಠ ಇದೆ. ಜೂನ್‌ನಲ್ಲಿ ಸುಗ್ರೀವಾಜ್ಞೆ ಹೊರಟಾಗ ಅಕಾಲಿ ದಳದ ಹರಸಿಮ್ರತ್ ಕೌರ್ ಬಾದಲ್ ಕೇಂದ್ರದಲ್ಲಿ ಮಂತ್ರಿ. ಸೆಪ್ಟೆಂಬರ್ 17ರಂದು ರಾಜೀನಾಮೆ ಕೊಟ್ಟರು. ಮೂರು ತಿಂಗಳಲ್ಲಿ ಕಾಯ್ದೆಯ ಅಕ್ಷರ ಬದಲಾಗಿರಲಿಲ್ಲ. ಬದಲಾಗಿದ್ದು ಪಂಜಾಬಿನ ಹಳ್ಳಿ. ಊರಿಗೆ ಕಾಲಿಡಲು ಆಗುವುದಿಲ್ಲ ಎಂದು ಗೊತ್ತಾದಾಗ ನಿಲುವು ತಾನಾಗಿ ಬದಲಾಯಿತು.

ಬೆಂಗಳೂರಿನಲ್ಲಿ ನಡೆದದ್ದು

ದಿಲ್ಲಿಯನ್ನು ಬೈಯುವುದು ಸುಲಭ, ಅದು ದೂರ ಇದೆ. ನಮ್ಮ ಮನೆಯ ಕಡೆ ನೋಡೋಣ.

1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಉಳುವವನಿಗೆ ಭೂಮಿ ಬಂತು. ಅದರಲ್ಲೇ 79ಎ, 79ಬಿ ಎಂಬ ಎರಡು ಬೇಲಿ ಹಾಕಿದರು. ಬೇಸಾಯವಲ್ಲದ ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರುವವರು ಸಾಗುವಳಿ ಭೂಮಿ ಕೊಳ್ಳುವಂತಿಲ್ಲ, ಬೇಸಾಯಗಾರನಲ್ಲದವನು ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂದು. 2015ರಲ್ಲಿ ಕಾಂಗ್ರೆಸ್ ಸರ್ಕಾರ ಆ ವರಮಾನದ ಮಿತಿಯನ್ನು 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು. ಬೇಲಿಯಲ್ಲಿ ಕಿಂಡಿ ಬಿತ್ತು. 2020ರ ಜುಲೈನಲ್ಲಿ ಬಿಜೆಪಿ ಸರ್ಕಾರ ಸುಗ್ರೀವಾಜ್ಞೆಯಿಂದ ಬೇಲಿಯನ್ನೇ ಕಿತ್ತಿತು. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಆಗ ರೈತನ ಹೆಸರಿನಲ್ಲಿ ಕೂಗಿತು. ಜೆಡಿಎಸ್ ಕೂಡ ಮೊದಲು ವಿರೋಧವೇ ಹೇಳಿತು.

ಆಮೇಲೆ ಡಿಸೆಂಬರ್ 8 ಬಂತು. ಆ ದಿನ ದೇಶದ ರೈತರು ಭಾರತ ಬಂದ್ ಮಾಡಿದ್ದರು. ಅದೇ ದಿನ ವಿಧಾನ ಪರಿಷತ್ತಿನಲ್ಲಿ ಈ ತಿದ್ದುಪಡಿ ಮಸೂದೆ ಮತಕ್ಕೆ ಬಂತು. ಪರ 37, ವಿರೋಧ 21. ಬಿಜೆಪಿಯ ಜೊತೆ ಜೆಡಿಎಸ್ ನಿಂತಿತು. ನಾವು ಕೇಳಿದ ಕೆಲವು ಬದಲಾವಣೆಗೆ ಸರ್ಕಾರ ಒಪ್ಪಿತು, ಆದ್ದರಿಂದ ಬೆಂಬಲ ಕೊಟ್ಟೆವು ಎಂದು ಸಮಜಾಯಿಷಿ ಬಂತು. ರೈತನ ಪಕ್ಷ ಎಂದು ಹೇಳಿಕೊಂಡು ಬೆಳೆದವರು, ಬೇಲಿ ಕೀಳುವ ದಿನ ಹಾರೆ ಹಿಡಿದ ಕಡೆ ನಿಂತರು.

ಕಾಯ್ದೆ ಯಾರನ್ನೂ ಭೂಮಿ ಮಾರು ಎಂದು ಬಲವಂತ ಮಾಡುವುದಿಲ್ಲವಲ್ಲ, ಒಳ್ಳೆ ಬೆಲೆ ಬಂದರೆ ರೈತನಿಗೇ ಲಾಭವಲ್ಲವೇ ಎಂದು ಅವತ್ತು ವಾದ ಮಾಡಿದರು. ಹೌದು, ಕಾಯ್ದೆ ಬಲವಂತ ಮಾಡುವುದಿಲ್ಲ. ಬಲವಂತ ಮಾಡುವುದು ಸಾಲ. ಎರಡು ವರ್ಷ ಮಳೆ ಕೈಕೊಟ್ಟು, ಮೂರನೇ ವರ್ಷ ಬೆಳೆ ಬಂದು ಬೆಲೆ ಬಿದ್ದು, ಬ್ಯಾಂಕಿನ ನೋಟಿಸು ಬಾಗಿಲಿಗೆ ಬಂದವನ ಮುಂದೆ ಯಾರು ಹಣದ ಗಂಟು ಹಿಡಿದು ನಿಂತರೂ ಅವನು ಬೇಡ ಎನ್ನಲಾರ. ಹಿಂದೆ ಆ ಗಂಟು ಹಿಡಿದವನು ಪಕ್ಕದ ಊರಿನ ಇನ್ನೊಬ್ಬ ಬೇಸಾಯಗಾರ ಆಗಿರಬೇಕಿತ್ತು. ಈಗ ಯಾರಾದರೂ ಆಗಬಹುದು. ಬೆಲೆ ಕೊಡದ ಸರ್ಕಾರ ಭೂಮಿ ಮಾರುವ ಸ್ವಾತಂತ್ರ್ಯ ಕೊಟ್ಟರೆ ಅದನ್ನು ಸ್ವಾತಂತ್ರ್ಯ ಎನ್ನಬೇಕೆ?

79ಎ, 79ಬಿ ಹೆಸರಿನಲ್ಲಿ ಕಚೇರಿಗಳಲ್ಲಿ ಲಂಚ ನಡೆಯುತ್ತಿತ್ತು ಎಂದೂ ಹೇಳಿದರು. ನಡೆಯುತ್ತಿತ್ತು, ಇಲ್ಲ ಎನ್ನುವವರು ಯಾರು? ಅದಕ್ಕೆ ಲಂಚ ತಿಂದವನನ್ನು ಹಿಡಿಯಬೇಕು. ಇಲಿ ಬಂತು ಎಂದು ಮನೆಗೆ ಬೆಂಕಿ ಇಡುವುದು ಯಾವ ಬುದ್ಧಿವಂತಿಕೆ?

ಈ 37ರ ಲೆಕ್ಕದಲ್ಲಿ ನಿಮ್ಮದೂ ಪಾಲಿದೆ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ ಬರುತ್ತವೆ. ಅದಕ್ಕೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೇ ಹೆಚ್ಚು. ಅಂದರೆ ನೀವು ಗೆಲ್ಲಿಸಿದ ನಿಮ್ಮ ಬೀದಿಯ ಸದಸ್ಯ ಕಳಿಸಿದವರೂ ಆ ದಿನ ಅಲ್ಲಿದ್ದರು. ಆ ಚುನಾವಣೆಯ ಹೊತ್ತಿಗೆ ಹಳ್ಳಿಗಳಲ್ಲಿ ಏನೇನು ಹಂಚಿಕೆಯಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ.

ಯಾವುದಕ್ಕೆ ಜಗಳ, ಯಾವುದಕ್ಕೆ ಒಗ್ಗಟ್ಟು

ಈಗ ಇನ್ನೆರಡು ದಿನಗಳ ಕಲಾಪ ನೋಡಿ. 2022ರ ಫೆಬ್ರವರಿ. ಬಿಜೆಪಿ ಸರ್ಕಾರ. ಕಾಂಗ್ರೆಸಿನವರು ಸದನದೊಳಗೆ ಧರಣಿ. ಆ ಗಲಾಟೆಯಲ್ಲೇ ಶಾಸಕರ ಸಂಬಳ ಏರಿಸುವ ಮಸೂದೆ ಚರ್ಚೆಯಿಲ್ಲದೆ ಪಾಸು. ತಿಂಗಳಿಗೆ 25 ಸಾವಿರ ಇದ್ದದ್ದು 40 ಸಾವಿರ. 2025ರ ಮಾರ್ಚ್ 21. ಕಾಂಗ್ರೆಸ್ ಸರ್ಕಾರ. ಈ ಸಲ ಬಿಜೆಪಿಯವರು ಸದನದ ಬಾವಿಯಲ್ಲಿ, ಕಾಗದ ಹರಿದು ತೂರಾಟ, 18 ಶಾಸಕರ ಅಮಾನತು. ಆ ಗಲಾಟೆಯಲ್ಲೇ ಸಂಬಳದ ಮಸೂದೆ ಮತ್ತೆ ಚರ್ಚೆಯಿಲ್ಲದೆ ಪಾಸು. 40 ಸಾವಿರ ಇದ್ದದ್ದು 80 ಸಾವಿರ. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಭತ್ಯೆಗಳು ಬೇರೆ.

ಸರ್ಕಾರ ಬದಲಾಯಿತು, ಧರಣಿ ಕೂತವರು ಬದಲಾದರು, ಬಾವಿಯಲ್ಲಿ ನಿಂತವರು ಬದಲಾದರು. ಮಸೂದೆ ಮಾತ್ರ ಎರಡು ಸಲವೂ ತೊಂದರೆಯಿಲ್ಲದೆ ದಾಟಿತು. ಮೂರು ವರ್ಷದಲ್ಲಿ ಸಂಬಳ ಮೂರು ಪಟ್ಟು ದಾಟಿತು. ಅದೇ ಮೂರು ವರ್ಷದಲ್ಲಿ ನಿಮ್ಮ ರಾಗಿ, ಜೋಳ, ತೊಗರಿ, ಈರುಳ್ಳಿಗೆ ಎಷ್ಟು ಪಟ್ಟು ಬೆಲೆ ಬಂತು, ನೀವೇ ಲೆಕ್ಕ ಹಾಕಿ. ಶಾಸಕರಿಗೆ ಸಂಬಳ ಬೇಡ ಎಂದು ನಾನು ಹೇಳುವುದಿಲ್ಲ. ಹೊಟ್ಟೆಗಿಲ್ಲದ ಶಾಸಕ ಕಂಟ್ರಾಕ್ಟರನ ಮನೆ ಬಾಗಿಲು ಕಾಯುತ್ತಾನೆ. ಆದರೆ ತಮ್ಮ ಖರ್ಚು ಹೆಚ್ಚಿತು, ಅದಕ್ಕೆ ತಕ್ಕ ಹಾಗೆ ವರಮಾನ ಏರಬೇಕು ಎಂಬ ನ್ಯಾಯ ಅವರಿಗೆ ಅರ್ಥವಾಗುತ್ತದೆ ಎಂದಾಯಿತು. ಅದೇ ನ್ಯಾಯವನ್ನು ಬೇಸಾಯದ ಖರ್ಚಿಗೆ ಅನ್ವಯಿಸಿ ಎಂದು ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು: ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಲೆ ಕೊಡಿ ಎಂದು. ಅದು ಯಾಕೆ ಗದ್ದಲದ ನಡುವೆಯಾದರೂ ಪಾಸಾಗುವುದಿಲ್ಲ?

ವಿಪ್ ಎಂಬ ಕೊಡೆ

ನೀವು ಶಾಸಕರನ್ನು ಹಿಡಿದು ಕೇಳಿದರೆ ಒಂದು ಉತ್ತರ ತಯಾರಿದೆ. ಏನ್ಮಾಡೋದಪ್ಪಾ, ಪಾರ್ಟಿ ವಿಪ್ ಇತ್ತು, ನನ್ನ ಕೈ ಕಟ್ಟಿತ್ತು ಎನ್ನುತ್ತಾರೆ. ಇದು ಅರ್ಧ ನಿಜ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಪಕ್ಷದ ಆದೇಶ ಮೀರಿ ಮತ ಹಾಕಿದರೆ, ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ, ಸದಸ್ಯತ್ವ ಹೋಗಬಹುದು. ಆಯಾರಾಂ ಗಯಾರಾಂ ನಿಲ್ಲಿಸಲು ತಂದದ್ದು ಇದು.

ಆದರೆ ಮಿಕ್ಕ ಅರ್ಧವನ್ನೂ ಕೇಳಿ. ವಿಪ್ ಕೈ ಕಟ್ಟುತ್ತದೆ, ಬಾಯಿ ಕಟ್ಟುವುದಿಲ್ಲ. ಪಕ್ಷದ ಶಾಸಕಾಂಗ ಸಭೆಯಲ್ಲಿ ಎದ್ದು ಇದು ರೈತನಿಗೆ ಮಾರಕ ಎನ್ನಲು ಯಾವ ವಿಪ್ ಅಡ್ಡ ಬಂದಿತ್ತು? ಮಸೂದೆಯನ್ನು ಸಮಿತಿಗೆ ಕಳಿಸೋಣ ಎಂದು ತಮ್ಮ ನಾಯಕರಿಗೆ ಹೇಳಲು ಯಾರು ಬೇಡ ಎಂದಿದ್ದರು? ಇನ್ನು ಸದಸ್ಯತ್ವ ಹೋಗುವ ಭಯ! 2019ರಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹ ಮಾಡಿದರು. ಅವರಿಗೆ ಆ ಭಯ ಇತ್ತೆ? ಅದೇ ವರ್ಷ ಡಿಸೆಂಬರಿನಲ್ಲಿ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಮಂತ್ರಿಗಿರಿಗಾಗಿ ಸ್ಥಾನ ಬಿಟ್ಟುಕೊಡುವ ಎದೆ ಇದ್ದವರು ಬೇಕಾದಷ್ಟು ಜನ ಸಿಕ್ಕರು. ರೈತನ ಬೆಲೆಗಾಗಿ, ರೈತನ ಭೂಮಿಗಾಗಿ ವಿಪ್ ಮೀರಿ ಸ್ಥಾನ ಕಳೆದುಕೊಂಡ ಒಬ್ಬ ಶಾಸಕನ ಹೆಸರು ಹೇಳಿ ನೋಡೋಣ.

ಮಾಡಬೇಕೆಂದವನಿಗೆ ದಾರಿ ಇದೆ. ಮಹಾರಾಷ್ಟ್ರದ ಹಾತಕಣಂಗಲೆಯ ಸಂಸದರಾಗಿದ್ದ ರಾಜು ಶೆಟ್ಟಿ 2018ರಲ್ಲಿ ಲೋಕಸಭೆಯಲ್ಲಿ ಎರಡು ಖಾಸಗಿ ಮಸೂದೆ ಮಂಡಿಸಿದರು. ಒಂದು ರೈತನಿಗೆ ಸಾಲದಿಂದ ಬಿಡುಗಡೆಯ ಹಕ್ಕು, ಇನ್ನೊಂದು ಖಾತ್ರಿ ಬೆಲೆಯ ಹಕ್ಕು. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತಿನಲ್ಲಿ ಪಾಸಾದ ಖಾಸಗಿ ಮಸೂದೆ ಬರೀ 14, ಕೊನೆಯದು 1970ರಲ್ಲಿ. ಇವು ಪಾಸಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಕಾಗದದ ಮೇಲೆ ಹೆಸರು ಹಾಕಿ, ನಾನು ಈ ಕಡೆ ಎಂದು ದಾಖಲೆ ಮಾಡಿದರು. ನಿಮ್ಮ ಶಾಸಕರಿಂದ ಅಷ್ಟಾದರೂ ಆಗಿದೆಯೇ?

ಎಲ್ಲರಿಗೂ ಒಂದೇ ತಕ್ಕಡಿ

ಮಾತಿಗೂ ಮತಕ್ಕೂ ಇರುವ ಅಂತರ ಒಂದು ಪಕ್ಷದ ಕಾಯಿಲೆ ಅಲ್ಲ. ಕಾಂಗ್ರೆಸ್ 2020ರಲ್ಲಿ ಎಪಿಎಂಸಿ ಉಳಿಸಿ ಎಂದು ಬೀದಿಗೆ ಬಂತು. 2019ರ ಲೋಕಸಭಾ ಚುನಾವಣೆಯ ಅದರ ಪ್ರಣಾಳಿಕೆ ತೆಗೆದು ನೋಡಿ: ಎಪಿಎಂಸಿ ಕಾಯ್ದೆ ರದ್ದು ಮಾಡುತ್ತೇವೆ ಎಂದಿದೆ. 2023ರಲ್ಲಿ ಬಿಜೆಪಿ ಸರ್ಕಾರದ ಜನವಿರೋಧಿ ಕಾಯ್ದೆಗಳನ್ನು ಒಂದು ವರ್ಷದಲ್ಲಿ ತೆಗೆಯುತ್ತೇವೆ ಎಂದು ರಾಜ್ಯದಲ್ಲಿ ಮಾತು ಕೊಟ್ಟರು. 79ಎ, 79ಬಿ ಬಗ್ಗೆ ನೀವು ಸದನದಲ್ಲಿ ಎಷ್ಟು ಸಲ ಬಾಯಿ ಬಿಟ್ಟಿರಿ ಎಂದು ಕಾಂಗ್ರೆಸ್ ಶಾಸಕರನ್ನು ಕೇಳಿ. ಜೆಡಿಎಸ್‌ನ ಕುಮಾರಸ್ವಾಮಿಯವರು 2018ರ ಚುನಾವಣೆಗೆ ಮುಂಚೆ ರೈತರ ಸಾಲ ಪೂರ್ತಿ ಮನ್ನಾ ಎಂದರು, ಜುಲೈ ಬಜೆಟ್ಟಿನಲ್ಲಿ ಅದು 2 ಲಕ್ಷದವರೆಗಿನ ಬೆಳೆಸಾಲ ಎಂದಾಯಿತು. ಬಿಜೆಪಿಯವರ ಮೂರು ಕಾಯ್ದೆಯ ಕತೆ ಮೇಲೇ ಹೇಳಿದೆ.

ಹಸಿರು ಶಾಲಿನವರನ್ನು ಬಿಡಬೇಕೆಂದೂ ನಾನು ಹೇಳುವುದಿಲ್ಲ. 1989ರಲ್ಲಿ ರೈತಸಂಘದಿಂದ ಕಿತ್ತೂರಿನಲ್ಲಿ ಗೆದ್ದ ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಪ್ರೊ. ನಂಜುಂಡಸ್ವಾಮಿ, ಕೆ.ಎಸ್. ಪುಟ್ಟಣ್ಣಯ್ಯ ಸದನದಲ್ಲಿ ಎದ್ದರೆ ಮಂತ್ರಿಗಳು ಕಡತ ತಿರುವುತ್ತಿದ್ದರು ಎಂದು ನಾವು ಹೆಮ್ಮೆ ಪಡುತ್ತೇವೆ. ಆ ಹೆಮ್ಮೆಗೆ ಅರ್ಥ ಇರಬೇಕಾದರೆ ಇವತ್ತು ನಮ್ಮ ಹೆಸರು ಹೇಳಿ ಗೆದ್ದವರಿಗೂ ಇದೇ ತಕ್ಕಡಿ. ಶಾಲಿನ ಬಣ್ಣ ತೂಕಕ್ಕೆ ಬರುವುದಿಲ್ಲ.

ತಪ್ಪು ನಮ್ಮ ಹಳ್ಳಿಗಳದ್ದೂ ಇದೆ. ನಾವು ಶಾಸಕರನ್ನು ಯಾವುದರಿಂದ ಅಳೆಯುತ್ತೇವೆ? ಮದುವೆಗೆ ಬಂದನೇ, ತಿಥಿಗೆ ಬಂದನೇ, ದೇವಸ್ಥಾನಕ್ಕೆ ದುಡ್ಡು ಕೊಟ್ಟನೇ, ಭಾವಮೈದನ ವರ್ಗಾವಣೆ ಮಾಡಿಸಿದನೇ ಎಂದು. ಬಂದ, ಕೊಟ್ಟ, ಮಾಡಿಸಿದ. ಅಷ್ಟಕ್ಕೆ ನಮ್ಮ ಮನುಷ್ಯ ಎಂದೆವು. ತಿಥಿ ಊಟಕ್ಕೆ ಬಂದವನು ಹೊಲದ ಬೇಲಿ ಕೀಳುವ ಮಸೂದೆಗೆ ಕೈ ಎತ್ತಿದ್ದು ನಮಗೆ ಕಾಣಲಿಲ್ಲ. ರಸ್ತೆ, ಚರಂಡಿ ಬೇಕು. ಆದರೆ ಅದನ್ನು ಪಂಚಾಯಿತಿಯೂ ಮಾಡಬಹುದು. ಕಾಯ್ದೆ ಮಾಡುವ ಕೆಲಸ ಶಾಸಕನ ಹೊರತು ಮತ್ತೊಬ್ಬನಿಗಿಲ್ಲ.

ಈಗ ಮಾಡಬೇಕಾದ್ದು

ಒಂದು. ನಿಮ್ಮ ಶಾಸಕರ ಲೆಕ್ಕ ತರಿಸಿ. 2005ರ ಮಾಹಿತಿ ಹಕ್ಕು ಕಾಯ್ದೆ ವಿಧಾನಸಭೆ ಮತ್ತು ಪರಿಷತ್ತಿನ ಸಚಿವಾಲಯಗಳಿಗೂ ಅನ್ವಯಿಸುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಆದ್ದರಿಂದ ಹಾಜರಾತಿಗೆ ಒಂದು, ಕೇಳಿದ ಪ್ರಶ್ನೆಗಳಿಗೆ ಒಂದು, ಮತ ವಿಭಜನೆ ನಡೆದ ದಿನಗಳ ಪಟ್ಟಿಗೆ ಒಂದು ಎಂದು ಬೇರೆ ಬೇರೆ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಎರಡು. ಬಂದ ಲೆಕ್ಕವನ್ನು ಊರಿಗೆ ತೋರಿಸಿ. 1980ರ ದಶಕದಲ್ಲಿ ನಮ್ಮ ಹಿರಿಯರು ಊರ ಬಾಗಿಲಲ್ಲಿ ಬೋರ್ಡು ನೆಟ್ಟರು, ಅಪ್ಪಣೆ ಇಲ್ಲದೆ ಸಾಲ ವಸೂಲಿಯ ಅಧಿಕಾರಿ ಒಳಗೆ ಬರಬಾರದು ಎಂದು. ಅದೇ ಜಾಗದಲ್ಲಿ ಈಗ ಇನ್ನೊಂದು ಬೋರ್ಡು ನೆಡಿ. ಮೇಲೆ ಶಾಸಕರ ಹೆಸರು. ಕೆಳಗೆ ಎಷ್ಟು ದಿನ ಹಾಜರು, ಬೆಲೆ ಮತ್ತು ಸಾಲದ ಬಗ್ಗೆ ಎಷ್ಟು ಪ್ರಶ್ನೆ, ಯಾವ ಮಸೂದೆಗೆ ಎತ್ತ ಮತ. ದಾಖಲೆ ಇಲ್ಲದ ಕಡೆ ದಾಖಲೆ ಇಲ್ಲ ಎಂದೇ ಬರೆಯಿರಿ. ಬೈಗುಳ ಬೇಡ, ಸುಳ್ಳು ಒಂದಕ್ಷರ ಬೇಡ. ಲೆಕ್ಕ ಸಾಕು.

ಮೂರು. ಮತ ಕೇಳಲು ಯಾವ ಪಕ್ಷದವರು ಬಂದರೂ ಒಂದು ಮಾತು ಬರೆಸಿಕೊಳ್ಳಿ: ಭೂಮಿ, ಮಾರುಕಟ್ಟೆ, ನೀರು, ವಿದ್ಯುತ್, ಸಾಲ, ಈ ಐದು ವಿಷಯದ ಯಾವ ಮಸೂದೆ ಬಂದರೂ ಧ್ವನಿಮತಕ್ಕೆ ಒಪ್ಪುವುದಿಲ್ಲ, ಎದ್ದು ನಿಂತು ಮತ ವಿಭಜನೆ ಕೇಳುತ್ತೇನೆ ಎಂದು. ಇದಕ್ಕೆ ಯಾವ ವಿಪ್ಪಿನ ಅಡ್ಡಿಯೂ ಇಲ್ಲ. ಸೋತರೂ ಹೆಸರು ದಾಖಲಾಗಲಿ. ಹೀಗೆ ಬರೆದುಕೊಡಲು ಹಿಂದೇಟು ಹಾಕಿದವನು ಯಾವ ಕಡೆಯವನು ಎಂದು ಅಲ್ಲೇ ತಿಳಿಯುತ್ತದೆ.

ನಾಲ್ಕು. ಗ್ರಾಮಸಭೆಯಲ್ಲಿ ಠರಾವು ಮಾಡಿ. ರೈತನಿಗೆ ಸಂಬಂಧಿಸಿದ ಪ್ರತಿ ಮಸೂದೆಯ ಮೇಲೂ ಹೆಸರು ಸಹಿತ ಮತ ದಾಖಲಾಗುವಂತೆ ಸದನದ ನಿಯಮ ತಿದ್ದಬೇಕು ಎಂದು ಬರೆದು ಸಭಾಧ್ಯಕ್ಷರಿಗೂ ಸಭಾಪತಿಗಳಿಗೂ ಕಳಿಸಿ. ಒಂದು ಪಂಚಾಯಿತಿಯ ಕಾಗದವನ್ನು ಕಸದ ಬುಟ್ಟಿಗೆ ಹಾಕಬಹುದು. ತಾಲ್ಲೂಕಿಗೆ ತಾಲ್ಲೂಕೇ ಬರೆದರೆ ಬುಟ್ಟಿ ಸಾಲುವುದಿಲ್ಲ.

ಮುಂದಿನ ಅಧಿವೇಶನ ಕೂಡುವ ಮುಂಚೆ ಪ್ರತಿ ತಾಲ್ಲೂಕಿನಿಂದ ಕನಿಷ್ಠ ಒಂದು ಅರ್ಜಿ ಹೋಗಲಿ. ಬಂದ ಉತ್ತರದ ನಕಲನ್ನು ಈ ಪತ್ರಿಕೆಗೆ ಕಳಿಸಿ, ಶಾಸಕರ ಹೆಸರು, ಕ್ಷೇತ್ರ, ಪಕ್ಷ ಸಹಿತ ಅಚ್ಚು ಹಾಕಲು ಸಂಪಾದಕರನ್ನು ನಾನು ಕೇಳಿಕೊಂಡಿದ್ದೇನೆ. ಸೊಸೈಟಿ ಬಾಕಿದಾರರ ಪಟ್ಟಿಯನ್ನು ಗೋಡೆಗೆ ಅಂಟಿಸುವ ಪದ್ಧತಿ ನಮಗೆ ಹೊಸದಲ್ಲ. ಈ ಸಲ ಪಟ್ಟಿ ಬೇರೆಯವರದ್ದು.